ಉಜ್ಜಿದ ಬಿಲ್ಲೆ

ಅವರು ಯಾವತ್ತೂ ಫೋನನ್ನು ತಾವಾಗಿ ಇಟ್ಟವರಲ್ಲ. ನಾವೇ ಇಡಬೇಕು. "ಸರಿ ಸಾರ್, ಇಡ್ತೀನಿ" ಅಂದರೆ "ಇಡಮ್ಮ, ಇಡು" ಅನ್ನೋರು. ಆದರೆ ನಾನು ಕೆಂಪು ಗುಂಡಿ ಒತ್ತುವವರೆಗೂ ಆ ಕಡೆ ಅವರ ಉಸಿರು ಕೇಳಿಸುತ್ತಲೇ ಇರೋದು. ಮೊದಮೊದಲು ನನಗೆ ರೇಗುತ್ತಿತ್ತು. ಒಲೆ ಮೇಲೆ ಹಾಲಿಟ್ಟವಳಿಗೆ ಇದೆಲ್ಲಿಯ ಉಪಚಾರ ಅಂತ ಗೊಣಗಿಕೊಂಡು ಇಡುತ್ತಿದ್ದೆ.

ಬ್ಲ್ಯಾಂಕ್ ಕಾಲ್ ಬಂದಾಗ ಅವರನ್ನು ನೋಡಬೇಕಿತ್ತು. ಈ ದೇಶದಲ್ಲಿ ಅಂಥ ಕರೆಗಳಿಗೇನು ಬರವೇ? ನಿಮ್ಮ ಕಾರಿನ ವಾರಂಟಿ ಮುಗಿಯಿತು ಅನ್ನೋರು, ಏನೂ ಅನ್ನದೆ ಸುಮ್ಮನೆ ಕೂತಿರೋರು. ನಾವೆಲ್ಲ ನಂಬರ್ ನೋಡಿಯೇ ಕಟ್ ಮಾಡುತ್ತೇವೆ. ಇವರು ಎತ್ತಿ, ಕಿವಿಗೆ ಒತ್ತಿ ಹಿಡಿದು, ಅಚ್ಚ ಮೈಸೂರು ಕನ್ನಡದಲ್ಲಿ "ಇದ್ದೀನಿ, ಹೇಳು" ಅನ್ನೋರು. ಆ ಕಡೆ ಸದ್ದಿಲ್ಲ. "ಇದ್ದೀನಪ್ಪ, ನಿಧಾನವಾಗಿ ಹೇಳು." ಆ ಕಡೆಯವರು ತಾವಾಗಿ ಕಟ್ ಮಾಡುವ ತನಕ ಹೀಗೇ. ನನ್ನ ಮಗಳು ಇದನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದಳು. "ಮಾಮ್, ಹಿ ಇಸ್ ಟಾಕಿಂಗ್ ಟು ಎ ರೋಬೋ ಇನ್ ಕನ್ನಡ!" ನಾನೂ ನಕ್ಕಿದ್ದೆ.

ಹೋದ ತಿಂಗಳು ಅವರು ತೀರಿಕೊಂಡರು. ಇಲ್ಲಿಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರೋ "ಹಿರಿಯರು, ನಾಣ್ಯ ಸಂಗ್ರಾಹಕರು ಇನ್ನಿಲ್ಲ" ಅಂತ ಹಾಕಿ ಕೈಮುಗಿಯುವ ಚಿತ್ರ ಅಂಟಿಸಿದರು. ನನಗೆ ಪಿತ್ತ ನೆತ್ತಿಗೇರಿತು. ಅವರು ಕೂಡಿಟ್ಟದ್ದು ನಾಣ್ಯ ಅಲ್ಲ ಕಣ್ರೀ. ಬಿಲ್ಲೆ. ಫ್ರಾನ್ಸ್ ದೇಶದಲ್ಲಿ ಹಿಂದೆ ಸಾರ್ವಜನಿಕ ಫೋನಿಗೆ ದುಡ್ಡು ಹಾಕುತ್ತಿರಲಿಲ್ಲವಂತೆ. ಕೆಫೆಯ ಕೌಂಟರಿನಲ್ಲೋ ಪೋಸ್ಟಾಫೀಸಿನಲ್ಲೋ ಒಂದು ಲೋಹದ ಬಿಲ್ಲೆ ಕೊಂಡು, ಅದನ್ನು ಫೋನಿನ ಬಾಯಿಗೆ ಹಾಕಿ ಮಾತಾಡಬೇಕಿತ್ತು. ಆ ಬಿಲ್ಲೆಗಳನ್ನೇ ಅವರು ಜೀವಮಾನ ಪೂರ್ತಿ ಹುಡುಕಿದ್ದು. ಯಾಕೆ ಅಂತ ಗೊತ್ತಿದ್ದವರು ಬಹಳ ಕಡಿಮೆ ಜನ. ಅವರಲ್ಲಿ ನಾನೊಬ್ಬಳು. ಸುಮ್ಮನಿದ್ದರೆ "ನಾಣ್ಯ ಸಂಗ್ರಾಹಕರು" ಅನ್ನುವುದೇ ಉಳಿದುಬಿಡುತ್ತದೆ.

ವಾಲ್ನಟ್ ಕ್ರೀಕ್ ಅನ್ನುವ ಊರಿನಲ್ಲಿ ನಾವಿಬ್ಬರೂ ಒಂದೇ ಅಪಾರ್ಟ್‌ಮೆಂಟಿನವರು. ಮೊದಲ ಸಲ ಅವರನ್ನು ನೋಡಿದ್ದು ಕೆಳಗಿನ ಲಾಂಡ್ರಿ ರೂಮಿನಲ್ಲಿ. ಬಟ್ಟೆ ಒಗೆಯುವ ಮೆಷೀನುಗಳಿಗೆಲ್ಲ ಆಗಷ್ಟೇ ಕಾರ್ಡು ಬಂದಿತ್ತು. ಚಿಲ್ಲರೆ ಹಾಕುವ ಹಳೆಯ ಸೀಳಿಗೆ ತಗಡು ಬಡಿದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯವರೆಗೆ ಎಳೆದ ಪ್ಯಾಂಟು, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡಿದ್ದ ಹಿರಿಯರೊಬ್ಬರು ಆ ತಗಡಿನ ಮೇಲೆ ಉಗುರಾಡಿಸುತ್ತ ನಿಂತಿದ್ದರು. ನಾನು ಮಗಳಿಗೆ ಕನ್ನಡದಲ್ಲಿ ಬಯ್ಯುತ್ತ ಒಳಗೆ ಹೋದೆ. ತಿರುಗಿ ನೋಡದೆಯೇ ಕೇಳಿದರು, "ಮಂಡ್ಯದ ಕಡೆಯವಳೇನಮ್ಮ?"

"ಹೌದು ಸಾರ್. ಹೇಗೆ ಗೊತ್ತಾಯ್ತು?"

"ಬೈಗುಳ ರುಚಿಯಾಗಿತ್ತು."

ಓಕ್ಲ್ಯಾಂಡ್ ಬಂದರಿನ ದೊಡ್ಡ ಕ್ರೇನುಗಳ ಇಂಜಿನಿಯರಾಗಿದ್ದವರು, ಆಗಲೇ ರಿಟೈರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು. ಮಗಳು ಬಾಸ್ಟನ್ನಿನಲ್ಲಿ. ಮನೆಯಲ್ಲಿ ಪಾತ್ರೆ ಪಗಡೆ, ದೇವರ ಮುಂದಿನ ದೀಪ ಎಲ್ಲ ಕಪ್ಪಗೆ ಕಿಲುಬು ಹಿಡಿದಿದ್ದವು. ಗಂಡಸರ ಸಂಸಾರ, ಯಾರು ತೊಳೆಯಬೇಕು ಅಂದುಕೊಂಡಿದ್ದೆ. ಆಂಟಿ ಇದ್ದಾಗಲೂ ಹಾಗೇ ಇತ್ತಂತೆ. ಹಿತ್ತಾಳೆಗೆ ಹುಣಸೆಹಣ್ಣು ತಾಗಿಸಿದರೆ ಮನೆಯಲ್ಲಿ ಜಗಳವಾಗುತ್ತಿತ್ತು ಅಂತ ಅವರೇ ಹೇಳಿದ್ದರು.

ಬಿಲ್ಲೆಗಳನ್ನಿಟ್ಟದ್ದು ಆಂಟಿಯ ಒಗ್ಗರಣೆ ಡಬ್ಬಿಯಲ್ಲಿ. ದುಂಡನೆಯ ಸ್ಟೀಲ್ ಡಬ್ಬಿ, ಒಳಗೆ ಪುಟ್ಟ ಬಟ್ಟಲುಗಳು. ಸಾಸಿವೆಯ ಜಾಗದಲ್ಲಿ ಯುದ್ಧಕಾಲದ ಬೂದು ಬಿಲ್ಲೆಗಳು. "ಹಿತ್ತಾಳೆಯೆಲ್ಲ ಬಂದೂಕಿನ ತೋಟಾ ಮಾಡೋಕೆ ಹೋಯ್ತಮ್ಮ, ಫೋನಿಗೆ ಸತು ಬಂತು." ಜೀರಿಗೆಯ ಜಾಗದಲ್ಲಿ ಕೆಫೆಗಳ ಹೆಸರು ಕೊರೆದವು. ಮೆಂತ್ಯದಲ್ಲಿ ನಯವಾದವು, ಅರಿಶಿನದಲ್ಲಿ ಗೀರಿದ್ದವು. ಹಿಂಗಿನ ವಾಸನೆ ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಬಿಲ್ಲೆ ಗುರುತಿಸುವುದನ್ನು ನನಗೆ ಕಲಿಸಲು ಹೊರಟವರು ಅವರೇ, ನಾನೇನೂ ಕೇಳಿರಲಿಲ್ಲ. "ಕಣ್ಣು ಮುಚ್ಚು. ಉಗುರಲ್ಲಿ ನೋಡು" ಅನ್ನೋರು. ಹೆಬ್ಬೆರಳ ಉಗುರನ್ನು ಬಿಲ್ಲೆಯ ಮೇಲೆ ಎಳೆದರೆ ಕೆಲವುಗಳಲ್ಲಿ ಜಾರಿಕೊಂಡು ಹೋಗುತ್ತಿತ್ತು, ಕೆಲವುಗಳಲ್ಲಿ ನಟ್ಟನಡುವೆ ತಗ್ಗಿಗೆ ಬೀಳುತ್ತಿತ್ತು. ನಾನು ಮಂಡ್ಯದವಳು, ಬಾಯಿಗೆ ಬಂದದ್ದು "ಕಾಲುವೆ" ಅಂತ. ಅವರಿಗೆ ಖುಷಿಯಾಗಿ ಅಂದಿನಿಂದ ಅವರೂ ಕಾಲುವೆ ಅಂತಲೇ ಕರೆದರು. ಕಾಲುವೆಯಿದ್ದ ಬಿಲ್ಲೆ ಕಾಲುವೆಗೆ ಹೊಂದುವ ಬಾಯಿಯಿರುವ ಫೋನಿಗೆ ಮಾತ್ರ ಹೋಗುತ್ತದೆ. ನಯವಾದದ್ದು ಬೇರೆ ಫೋನಿಗೆ. ಇದು ಅದಕ್ಕಾಗದು, ಅದು ಇದಕ್ಕಾಗದು. ಇಷ್ಟು ತಿಳಿದುಕೊಂಡರೆ ಅವರ ಕಥೆಗೆ ಸಾಕು.

ಭಾನುವಾರದ ಹಳೇ ಸಾಮಾನಿನ ಸಂತೆಗಳಿಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಡ್ರೈವಿಂಗ್ ಬಿಟ್ಟಿದ್ದರು. ಅಂಗಡಿಯವರು ಎಲ್ಲ ದೇಶದ ಪುಡಿ ಲೋಹವನ್ನು ಒಂದೇ ಬುಟ್ಟಿಯಲ್ಲಿ ಸುರಿದಿರುತ್ತಿದ್ದರು. ಇವರು ಆ ಬುಟ್ಟಿಗೆ ಕೈ ಹಾಕಿ ಆಕಾಶ ನೋಡುತ್ತ ನಿಲ್ಲೋರು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. "ಕಾರ್ ತೊಳೆಯೋದು. ಜೂಜಿನ ಮನೇದು. ಬಸ್ಸಿಂದು." ಒಂದೊಂದನ್ನೇ ಬದಿಗೆ ಎಸೆಯೋರು. ಬೇಕಾದದ್ದು ಸಿಕ್ಕಾಗ ಮುಖದಲ್ಲಿ ಸಂತೋಷ ಬರುತ್ತದೆ ಅಂತ ಕಾಯುತ್ತಿದ್ದೆ. ಬರುತ್ತಿರಲಿಲ್ಲ. ಡಾಕ್ಟರ ಚೀಟಿ ಓದುವವರ ಮುಖ ಆಗುತ್ತಿತ್ತು.

"ಇಷ್ಟೊಂದು ಸೇರಿಸಿ ಏನು ಮಾಡ್ತೀರಿ ಸಾರ್?" ಅಂತ ಕೇಳಿದರೆ ಒಂದೇ ಉತ್ತರ. "ಒಂದಕ್ಕೆ ಜೋಡಿ ಹುಡುಕ್ತಾ ಇದ್ದೀನಿ."

ಆ ಒಂದು ಯಾವುದು ಅಂತ ಗೊತ್ತಾದದ್ದು ನಮ್ಮ ಮನೆಯ ವರಮಹಾಲಕ್ಷ್ಮಿ ಹಬ್ಬದ ದಿನ. ಊರಿಂದ ನಮ್ಮ ಅತ್ತೆ ಬಂದಿದ್ದರು. ಸಾರನ್ನೂ ಊಟಕ್ಕೆ ಕರೆದಿದ್ದೆ. ಮಗಳ ಗೆಳತಿಯರಿಗೆ ತೋರಿಸಲಿ ಅಂತ ಡಬ್ಬಿ ತನ್ನಿ ಅಂದವಳೂ ನಾನೇ. ಡಬ್ಬಿಯ ಜೊತೆ ಒಂದು ಚಿಕ್ಕ ಮರದ ಕುಂಕುಮದ ಭರಣಿಯನ್ನೂ ತಂದಿದ್ದರು. ಅದನ್ನು ಮನೆಯಲ್ಲಿ ಬಿಟ್ಟು ಬರುತ್ತಿರಲಿಲ್ಲವಂತೆ, ನನಗೆ ಗೊತ್ತಿರಲಿಲ್ಲ. ಊಟವಾಗಿ ಅವರು ಕೈ ತೊಳೆಯಲು ಹೋದರು. ನಮ್ಮ ಅತ್ತೆ ಡಬ್ಬಿ ತೆರೆದು ನೋಡಿದರು. "ಅಯ್ಯೋ ಶಿವನೇ, ಹಬ್ಬದ್ ದಿನ ಇಷ್ಟೊಂದ್ ಕಿಲುಬ? ಪಾಪ, ಹೆಂಡ್ರಿಲ್ದ ಮನೆ" ಅಂತ ಡಬ್ಬಿಯನ್ನೂ ಭರಣಿಯನ್ನೂ ಸಿಂಕಿನ ಹತ್ತಿರ ಒಯ್ದು, ಕಲಸಿಟ್ಟಿದ್ದ ಹುಣಸೆಹಣ್ಣಿಗೆ ಉಪ್ಪು ಹಾಕಿ, ಕೈ ಒದ್ದೆ ಮಾಡಿಕೊಂಡರು. ನಾನು ಮುಂದಿನ ಕೋಣೆಯಲ್ಲಿ ಬಂದವರಿಗೆ ಕುಂಕುಮ ಕೊಡುತ್ತಿದ್ದೆ.

ಆಮೇಲೆ ಕೇಳಿಸಿದ್ದು ಕೂಗು. ಅಂಥ ಕೂಗನ್ನು ಆ ಮೃದು ಮನುಷ್ಯನ ಗಂಟಲಿನಿಂದ ನಾನು ಎಣಿಸಿರಲಿಲ್ಲ. "ಉಜ್ಜಬೇಡಿ!" ಓಡಿಹೋಗಿ ನೋಡಿದರೆ ಅತ್ತೆ ಹುಣಸೆ ಕೈ ಮೇಲೆತ್ತಿಕೊಂಡು ನಿಂತಿದ್ದಾರೆ. ಇವರು ನೆಲದ ಮೇಲೆ ಕೂತು ಭರಣಿಯೊಳಗಿನ ಒಂದು ಬಿಲ್ಲೆಯನ್ನು ಅಂಗಿಗೆ ಒತ್ತಿ ಹಿಡಿದು ಅಳುತ್ತಿದ್ದಾರೆ. ಬಂದಿದ್ದ ಹೆಂಗಸರು ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮುದುಕನಿಗೆ ತಲೆ ಕೆಟ್ಟಿದೆ ಅಂತ ಮಾರನೆಯ ದಿನ ಊರೆಲ್ಲ ಮಾತಾಯಿತು.

ಎಲ್ಲರೂ ಹೋದ ಮೇಲೆ ಅಡುಗೆಮನೆಯ ನೆಲದಲ್ಲೇ ಕೂತು ಅವರು ನನಗೂ ಅತ್ತೆಗೂ ಹೇಳಿದರು.

"ನಾನು ಆಗ ಪ್ಯಾರಿಸ್ಸಿನಲ್ಲಿ ಟ್ರೈನಿಂಗಲ್ಲಿದ್ದೆ. ಹುಡುಗ. ಅಣ್ಣಯ್ಯ ಲಂಡನ್ನಲ್ಲಿ ಓದು ಮುಗಿಸಿ ಊರಿಗೆ ವಾಪಸ್ ಹೊರಟಿದ್ದ. ದಾರೀಲಿ ನಿನ್ನ ನೋಡ್ಕೊಂಡು ಹೋಗ್ತೀನಿ ಕಣೋ ಅಂತ ಫೋನ್ ಮಾಡಿದ. ಯಾವ ರೈಲು ಸಿಗುತ್ತೋ ಗೊತ್ತಿಲ್ಲ ಅಂದ. ಸ್ಟೇಷನ್ನಿನಲ್ಲಿ ಇಳಿದು ನನಗೆ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ ಅಂದೆ. ಅವನಿಗೆ ಫ್ರೆಂಚ್ ಬರಲ್ಲ. ಎಲ್ಲ ಬಿಡಿಸಿ ಹೇಳಿದೆ. ಕೆಫೆಗೆ ಹೋಗು, ಕೌಂಟರಲ್ಲಿ ಬಿಲ್ಲೆ ಕೇಳು, ಫೋನಿಗೆ ಹಾಕು, ನಂಬರ್ ತಿರುಗಿಸು ಅಂತ."

ಅಲ್ಲಿ ನಿಲ್ಲಿಸಿ ಬಿಲ್ಲೆಯನ್ನು ಅಂಗಿಯ ತುದಿಯಿಂದ ಒರೆಸಿದರು.

"ಆ ಹಳೇ ಫೋನಲ್ಲಿ ಒಂದು ಗುಂಡಿ ಇತ್ತಮ್ಮ. ಆ ಕಡೆಯವರು 'ಅಲೋ' ಅಂದ ತಕ್ಷಣ ಆ ಗುಂಡಿ ಒತ್ತಬೇಕು. ಒತ್ತಿದರೆ ಬಿಲ್ಲೆ ಒಳಗೆ ಬಿದ್ದು ನಮ್ಮ ಮಾತು ಆ ಕಡೆ ಹೋಗುತ್ತೆ. ಒತ್ತದಿದ್ದರೆ ಅವರ ಮಾತು ನಮಗೆ ಕೇಳುತ್ತೆ, ನಮ್ಮದು ಅವರಿಗೆ ಕೇಳಲ್ಲ. ಎಷ್ಟು ಕೂಗಿದರೂ ಕೇಳಲ್ಲ. ಒತ್ತದೆ ಇಟ್ಟರೆ ಬಿಲ್ಲೆ ವಾಪಸ್ ಬರುತ್ತೆ. ನನಗೆ ಅಭ್ಯಾಸ ಆಗಿಹೋಗಿತ್ತು. ಗುಂಡಿ ವಿಷಯ ಅವನಿಗೆ ಹೇಳೋದು ಮರೆತೆ."

ಅಣ್ಣ ಬರಬೇಕಿದ್ದ ದಿನ ಸಂಜೆ ಅವರಿದ್ದ ಬಾಡಿಗೆ ಮನೆಯ ಪಡಸಾಲೆಯಲ್ಲಿ ಫೋನ್ ಬಂತಂತೆ. ಎತ್ತಿ "ಅಲೋ, ಅಲೋ" ಅಂದರು. ಆ ಕಡೆ ಏನೂ ಇಲ್ಲ. ಇಟ್ಟರು. ಮತ್ತೆ ಬಂತು. ಮತ್ತೆ ಏನೂ ಇಲ್ಲ. ಯಾರೋ ಹುಡುಗರ ಚೇಷ್ಟೆ ಅಂದುಕೊಂಡು ಫ್ರೆಂಚಿನಲ್ಲಿ ಒಂದು ಕೆಟ್ಟ ಮಾತು ಬೈದು ಕುಕ್ಕಿದರು. ಆಮೇಲೆ ಬರಲಿಲ್ಲ. ಅಣ್ಣನಿಗೆ ಹುಟ್ಟಿನಿಂದ ಉಬ್ಬಸ. ಅದು ಚಳಿಗಾಲ. ಬೆಳಿಗ್ಗೆ ಪೊಲೀಸರು ಬಂದು ಬಾಗಿಲು ತಟ್ಟಿದರು. ಸ್ಟೇಷನ್ನಿನ ಹೊರಗಿನ ಬೆಂಚಿನ ಮೇಲೆ ಸಿಕ್ಕಿದ್ದನಂತೆ. ಕೋಟಿನ ಜೇಬಿನಲ್ಲಿ ಒಂದು ಬಿಲ್ಲೆ.

"ಪೊಲೀಸರು ಕಟ್ಟಿಕೊಟ್ಟ ಪೊಟ್ಟಣ ಬಿಚ್ಚೋಕೆ ನನಗೆ ಧೈರ್ಯ ಬರಲಿಲ್ಲ. ಅಸ್ಥಿ ಜೊತೆ ಹಾಗೇ ಊರಿಗೆ ಹೋಯ್ತು. ಅಪ್ಪ ನನ್ನ ಕೇಳಿದರು, ಅಲ್ಲಯ್ಯ, ಜೇಬಲ್ಲಿ ಬಿಲ್ಲೆ ಇಟ್ಕೊಂಡು ನಿನಗೊಂದು ಫೋನ್ ಮಾಡಲಿಲ್ಲವಲ್ಲ ಇವನು, ಎಂಥ ಹಟಮಾರಿ ಅಂತ. ನಾನು ಹೌದಪ್ಪ ಅಂದೆ. ಸಾಯೋ ತನಕ ಅಪ್ಪ ಅವನನ್ನ ಬೈದರು. ಸಾಯೋ ತನಕ ನಾನು ಹೌದಪ್ಪ ಅಂದೆ."

ಆ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಇನ್ನೊಂದು ಬಗೆಯ ಫೋನೂ ಬಂದಿತ್ತಂತೆ. ಅದಕ್ಕೆ ಗುಂಡಿಯಿಲ್ಲ, ಬಿಲ್ಲೆಯನ್ನು ತಾನೇ ನುಂಗಿಕೊಳ್ಳುತ್ತದೆ. ಅದರದ್ದು ನಯವಾದ ಬಿಲ್ಲೆ. ಗುಂಡಿಯ ಫೋನಿನದು ಕಾಲುವೆಯ ಬಿಲ್ಲೆ. ಅಣ್ಣನ ಜೇಬಿನಲ್ಲಿದ್ದದ್ದು ನಯವಾದದ್ದಾದರೆ ಆ ಮೂಕ ಕರೆ ಅವನದಲ್ಲ, ಫೋನ್ ಮಾಡುವ ಮೊದಲೇ ಉಸಿರು ಕಟ್ಟಿತು. ಕಾಲುವೆಯದ್ದಾದರೆ ಅವನು ಮಾತಾಡಿದ್ದ, ಎರಡು ಸಲವೂ ಮಾತಾಡಿದ್ದ, ತಮ್ಮ ಬೈದು ಇಟ್ಟುಬಿಟ್ಟಿದ್ದ. ಅವರ ಬದುಕೆಲ್ಲ ನಿಂತದ್ದು ಈ ಒಂದು ಪ್ರಶ್ನೆಯ ಮೇಲೆ.

"ನೋಡಿದರೆ ಗೊತ್ತಾಗಲ್ವಾ ಸಾರ್?" ಅಂದೆ ನಾನು, ದಡ್ಡಿ.

ಬಿಲ್ಲೆಯನ್ನು ನನ್ನ ಅಂಗೈಗೆ ಹಾಕಿದರು. ಅದರಲ್ಲಿ ಏನೂ ಇರಲಿಲ್ಲ. ಅಕ್ಷರವಿಲ್ಲ, ಗೀರಿಲ್ಲ, ಅಂಚೂ ಸವೆದು ತೆಳ್ಳಗಾಗಿತ್ತು. ಉಗುರು ಎಳೆದರೆ ಎರಡು ಕಡೆಯೂ ಜಾರುತ್ತಿತ್ತು.

ಅದು ಅವರ ತಾಯಿಯ ಕೆಲಸ. ಮಗ ಕಡೆಯದಾಗಿ ಮುಟ್ಟಿದ್ದು ಅಂತ ಆಕೆ ಅದನ್ನು ದೇವರ ಮನೆಯಲ್ಲಿಟ್ಟುಕೊಂಡರು. ಪ್ರತಿ ಶುಕ್ರವಾರ ದೀಪ, ಪಂಚಪಾತ್ರೆ, ಗಂಟೆಯ ಜೊತೆ ಅದನ್ನೂ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ತೊಳೆದು ಕುಂಕುಮ ಇಟ್ಟರು. ಇವರು ಕೆಲವು ವರ್ಷಗಳ ಮೇಲೆ ಊರಿಗೆ ಹೋದಾಗಲೇ, ದೂರದಿಂದ ಕಂಡಷ್ಟರಲ್ಲಿ, ಗುರುತೇ ಸಿಗದಷ್ಟು ಮಸುಕಾಗಿತ್ತಂತೆ. ಪ್ರತಿ ಸಲ ಹೋದಾಗಲೂ ಇನ್ನಷ್ಟು ನುಣ್ಣಗಾಗಿರುತ್ತಿತ್ತು. ಮಡಿಯಲ್ಲಿದ್ದ ದೇವರ ಪೆಟ್ಟಿಗೆ, ಇವರು ಕೈ ಹಾಕುವ ಹಾಗಿರಲಿಲ್ಲ. ತಾಯಿ ಹೋದ ಮೇಲೆಯೇ ಅದು ಕೈಗೆ ಬಂದದ್ದು.

"ಅಮ್ಮಾ, ಉಜ್ಜಬೇಡ ಅಂದಿದ್ದರೆ ಸಾಕಿತ್ತು. ಯಾಕೋ ಅಂತ ಕೇಳ್ತಿದ್ದಳು. ಆ ಯಾಕೋ ಅನ್ನೋದಕ್ಕೆ ಏನು ಹೇಳಲಿ? ಬಾವಿಕಟ್ಟೆ ಮೇಲೆ ಕೂತು ಅವಳು ಉಜ್ಜೋದನ್ನ ನೋಡ್ತಾ ಇದ್ದೆ. ಒಂದೊಂದು ಸಲ ಉಜ್ಜಲಿ, ಪೂರ್ತಿ ಹೋಗಲಿ ಅಂತಲೂ ಅನಿಸ್ತಿತ್ತು."

ನಮ್ಮ ಅತ್ತೆ ಓದಿದವರಲ್ಲ. ಹುಣಸೆ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದರು, "ನಿಮ್ಮವ್ವುಂಗೆ ಅದು ಬಿಲ್ಲೆ ಅಲ್ಲ ಕಣಪ್ಪ, ಮಗ. ವಾರಕ್ಕೊಂದ್ ದಿನ ಮಗೀಗೆ ನೀರ್ ಎರ್ದವ್ಳೆ." ಸಾರ್ ತಲೆ ಎತ್ತಲಿಲ್ಲ. ಆ ಮಾತು ಅವರಿಗೆ ಸಮಾಧಾನ ಕೊಟ್ಟಿತೋ, ಇನ್ನೂ ಚುಚ್ಚಿತೋ ನನಗೆ ತಿಳಿಯಲಿಲ್ಲ.

ಇಲ್ಲಿ ನನ್ನ ಕೆಲಸದ ವಿಷಯ ಹೇಳಬೇಕು. ಕ್ಯಾಂಪ್‌ಬೆಲ್ಲಿನ ಒಂದು ಲ್ಯಾಬಿನಲ್ಲಿ ನಾನು ಕೆಟ್ಟುಹೋದ ಕಂಪ್ಯೂಟರ್ ಚಿಪ್‌ಗಳ ಪೋಸ್ಟ್‌ಮಾರ್ಟಂ ಮಾಡುವವಳು. ಎಲ್ಲಿ ಸುಟ್ಟಿತು, ಯಾವ ಬೆಸುಗೆ ಬಿಟ್ಟಿತು ಅಂತ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುವುದು. ಲೋಹದ ಗುಣ ನನಗೆ ಗೊತ್ತು. ಅಚ್ಚು ಬಿದ್ದ ಜಾಗದಲ್ಲಿ ಒಳಗಿನ ಹರಳುಗಳು ಜಜ್ಜಿ ಹೋಗಿರುತ್ತವೆ. ಮೇಲಿನ ಗುರುತು ಸವೆದು ಹೋದರೂ ಒಳಗಿನ ಜಜ್ಜು ಉಳಿದಿರುತ್ತದೆ. ಒಂದು ಚೂರು ಜಾಗವನ್ನು ಪಾಲಿಶ್ ಹಾಕಿ ಹದ ಮಾಡಿ ನೋಡಿದರೆ ಅಲ್ಲಿ ಕಾಲುವೆ ಇತ್ತೋ ಇಲ್ಲವೋ ಕಂಡುಬಿಡುತ್ತದೆ.

ಇದನ್ನು ಮಾರನೆಯ ವಾರವೇ ಹೇಳಿದೆ. ಕುಣಿದಾಡುತ್ತಾರೆ ಅಂದುಕೊಂಡಿದ್ದೆ. "ನೋಡೋಣಮ್ಮ" ಅಂದರು. ಮುಂದಿನ ತಿಂಗಳೂ ನೋಡೋಣ, ಮುಂದಿನ ವರ್ಷವೂ ನೋಡೋಣ. ಸಂತೆಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಸವೆದ ಅಂಚಿನ ದಪ್ಪಕ್ಕೆ, ತೂಕಕ್ಕೆ, ಬಣ್ಣಕ್ಕೆ ಜೋಡಿ ಹುಡುಕುವುದು, ಹತ್ತಿರ ಬಂದಂತೆ ಕಾಣುವುದು, ಆಮೇಲೆ ಅಲ್ಲ ಅನ್ನುವುದು. ಒಂದು ಸಲ ನನಗೆ ತಡೆಯಲಾಗಲಿಲ್ಲ. "ನಿಮಗೆ ಗೊತ್ತಾಗೋದು ಬೇಕಿಲ್ಲ ಸಾರ್. ಸುಮ್ಮನೆ ನನ್ನ ಪೆಟ್ರೋಲು ದಂಡ" ಅಂದುಬಿಟ್ಟೆ.

ಬೇಜಾರು ಮಾಡಿಕೊಳ್ಳಲಿಲ್ಲ. "ಹುಡುಕ್ತಾ ಇರೋವರೆಗೂ ಎರಡೂ ಇರುತ್ತಮ್ಮ" ಅಂದರು. "ನೀನು ನೋಡಿದರೆ ಒಂದೇ ಉಳಿಯುತ್ತೆ."

ಎರಡು ವರ್ಷದ ಹಿಂದೆ ಹೊಟ್ಟೆನೋವು ಅಂತ ಶುರುವಾದದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಂತ ಆಯಿತು. ಒಂದಷ್ಟು ದಿನ ಕೀಮೋ, ಆಮೇಲೆ ಬೇಡ ಅಂದರು. ಬಿಳಿ ಅಂಗಿಯೊಳಗೆ ಮೈ ಎಲ್ಲಿದೆ ಅಂತ ಹುಡುಕಬೇಕಾಯಿತು. ಒಂದು ದಿನ ಸಾರು ಅನ್ನ ಕೊಟ್ಟು ಬರಲು ಹೋದಾಗ ಭರಣಿಯನ್ನು ಮುಂದೆ ತಳ್ಳಿದರು. "ನೋಡಿಬಿಡಮ್ಮ. ಅವನ ಮುಖ ನೋಡೋ ಕಾಲ ಬಂತು. ಏನು ಮಾತು ಆಡಬೇಕು ಅಂತ ಗೊತ್ತಿರಬೇಕಲ್ಲ." ತಾವೂ ಬರುತ್ತೇನೆ ಅಂತ ಹಟ ಹಿಡಿದರು.

ನನ್ನ ಬಾಸು ಒಳ್ಳೆಯವನು. ಲ್ಯಾಬು ಖಾಲಿಯಿರುವ ಭಾನುವಾರ ಕರೆದುಕೊಂಡು ಬಾ ಅಂದ. ಗಾಲಿಕುರ್ಚಿಯಲ್ಲಿ ಅವರನ್ನು ಕೂರಿಸಿ, ಮೇಲೆ ನನ್ನ ಸ್ವೆಟರ್ ಹೊದಿಸಿ, ಪರದೆಯ ಎದುರಿಗೇ ನಿಲ್ಲಿಸಿದೆ. ಬಿಲ್ಲೆ ಒಳಗೆ ಹೋಯಿತು. ಮೊದಲು ಕಂಡದ್ದು ಮೇಲ್ಮೈ. ಸಾವಿರ ಗೆರೆಗಳು, ಎಲ್ಲ ದುಂಡಗೆ, ಒಂದರ ಮೇಲೊಂದು.

"ಇದೇನಮ್ಮ?"

"ಅದು ಉಜ್ಜಿದ ಗುರುತು ಸಾರ್."

"ಅಮ್ಮ ಹೀಗೇ ಸುತ್ತು ಹೊಡೆದು ಉಜ್ಜೋಳು" ಅಂದರು. ಬೆರಳನ್ನು ಗಾಳಿಯಲ್ಲಿ ಸುತ್ತಿಸಿದರು.

ಹದ ಮಾಡಿದ ಜಾಗಕ್ಕೆ ಸರಿಸಿದೆ. ಹರಳುಗಳು ಬಣ್ಣ ಬಣ್ಣವಾಗಿ ಮೂಡಿದವು. ಎಡಕ್ಕೆ ದಪ್ಪ ದಪ್ಪ, ಬಲಕ್ಕೆ ದಪ್ಪ ದಪ್ಪ. ನಟ್ಟನಡುವೆ ನೇರವಾಗಿ ಒಂದು ಪಟ್ಟಿಯಲ್ಲಿ ಎಲ್ಲ ಜಜ್ಜಿ ಪುಡಿಪುಡಿಯಾಗಿತ್ತು. ಅರಿಶಿನದ ಬಟ್ಟಲಿನ ಒಂದು ಒಳ್ಳೆಯ ಬಿಲ್ಲೆಯನ್ನು ಮೊದಲೇ ನೋಡಿಟ್ಟುಕೊಂಡಿದ್ದೆ. ಆ ಚಿತ್ರವನ್ನು ಪಕ್ಕದಲ್ಲಿ ಹಾಕಿದೆ. ಎರಡೂ ಒಂದೇ. ಸುಳ್ಳು ಹೇಳೋಣ ಅನ್ನುವ ಯೋಚನೆ ಬರಲಿಲ್ಲ ಅಂದರೆ ಅದೇ ಸುಳ್ಳಾಗುತ್ತದೆ. ಆದರೆ ನಾನು ಬಾಯಿ ತೆರೆಯಬೇಕಾಗಲೇ ಇಲ್ಲ. ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿ, ಕಣ್ಣು ಮುಚ್ಚಿ, ಪರದೆಯ ಗಾಜಿನ ಮೇಲೆ ಆ ಪಟ್ಟಿಯ ಉದ್ದಕ್ಕೂ ಉಗುರು ಎಳೆದರು.

"ಕಾಲುವೆ" ಅಂದರು.

ವಾಪಸ್ಸು ಫ್ರೀವೇ ಹಿಡಿದೆ. ಹುಲ್ಲು ಒಣಗಿ ಗುಡ್ಡಗಳೆಲ್ಲ ಬೋಳಾಗಿದ್ದವು. ಅರ್ಧ ದಾರಿಯಲ್ಲಿ ಇದ್ದಕ್ಕಿದ್ದ ಹಾಗೆ ಕೇಳಿದರು, "ಏನಂದಿರ್ತಾನೆ?"

"ಸಾರ್..."

"ಎರಡನೇ ಸಲ ಏನಂದಿರ್ತಾನೆ? ನಾನು ಬೈದದ್ದು ಅವನಿಗೆ ಕೇಳಿಸಿರುತ್ತೆ. ನನ್ನ ದನಿ ಅವನಿಗೆ ಗೊತ್ತಾಗಿರುತ್ತೆ. ತಮ್ಮ ಬೈದ ಅಂದ್ಕೊಂಡು ಬೆಂಚಿಗೆ ಹೋಗಿ ಕೂತಿರ್ತಾನೆ."

ಯಾಕಾದರೂ ಈ ಹಾಳು ಲ್ಯಾಬಿನ ಮಾತೆತ್ತಿದೆನೋ ಅನಿಸಿತು. ಗೊತ್ತಾದರೆ ಮನಸ್ಸು ಹಗುರಾಗುತ್ತದೆ ಅಂತ ದೊಡ್ಡವರು ಹೇಳುತ್ತಾರಲ್ಲ, ಅವರಿಗೆ ಏನೂ ಗೊತ್ತಿಲ್ಲ.

ಆ ದಿನದಿಂದ ಅವರು ಡಬ್ಬಿ ಮುಟ್ಟಲಿಲ್ಲ. ತಂದೆಯ ಫೋಟೋದ ಮುಂದೆ ಒಂದು ದಿನ ಕುರ್ಚಿ ಎಳೆಸಿಕೊಂಡು ಕೂತು, "ಅಪ್ಪ, ಅವನು ಫೋನ್ ಮಾಡಿದ್ದ" ಅಂದದ್ದನ್ನು ಕೇಳಿಸಿಕೊಂಡಿದ್ದೇನೆ. ಇನ್ನೊಂದು ಬದಲಾವಣೆಯೂ ಆಯಿತು. ಫೋನು ಬಡಿದುಕೊಂಡರೆ ಎತ್ತುತ್ತಿರಲಿಲ್ಲ. ಮುಂಚೆ ರೋಬೋಗೂ "ಇದ್ದೀನಿ, ಹೇಳು" ಅಂದವರು, ಈಗ ಗೊತ್ತಿಲ್ಲದ ನಂಬರು ಬಂದರೆ ದಿಂಬಿನ ಕೆಳಗೆ ತಳ್ಳಿ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದರು.

ಕೊನೆಯ ದಿನಗ‌ಳಿಗೆ ಅವರನ್ನು ಇಲ್ಲೇ ಹತ್ತಿರದ ಒಂದು ಆರೈಕೆ ಮನೆಗೆ ಸೇರಿಸಿದರು. ಬಾಸ್ಟನ್ನಿನ ಮಗಳು ಬಂದಳು. ಒಳ್ಳೆಯ ಹುಡುಗಿ. ನಾನು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಅಪ್ಪನ ಕಾಲು ಒತ್ತುತ್ತ ಕೂತಿರುತ್ತಿದ್ದಳು. ಅವರ ದನಿ ಅಷ್ಟರಲ್ಲಿ ಪೂರ್ತಿ ಹೋಗಿತ್ತು. ತುಟಿ ಆಡುತ್ತಿತ್ತು, ಗಾಳಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹಾಸಿಗೆಗೆ ಒಂದು ವೈರು ಕಟ್ಟಿ ಅದರ ತುದಿಯಲ್ಲಿ ಗುಂಡಿ ಇಟ್ಟಿದ್ದರು. ಏನಾದರೂ ಬೇಕಾದರೆ ಅದನ್ನು ಒತ್ತಬೇಕು. ಒತ್ತಿದರೆ ಗೋಡೆಯಲ್ಲಿದ್ದ ಸ್ಪೀಕರಿನಿಂದ ನರ್ಸಮ್ಮನ ದನಿ ಬರುತ್ತದೆ.

ಆ ಮಧ್ಯಾಹ್ನ ಮಗಳು ತನ್ನ ಗಂಡನನ್ನು ಕರೆತರಲು ಏರ್‌ಪೋರ್ಟಿಗೆ ಹೋಗಿದ್ದಳು. ನಾನೊಬ್ಬಳೇ ಇದ್ದೆ. ಕಣ್ಣು ಮುಚ್ಚಿ ಮಲಗಿದ್ದವರು ಇದ್ದಕ್ಕಿದ್ದಂತೆ ಕೈ ತಡಕಾಡಿಸಿ ಆ ಗುಂಡಿ ಹಿಡಿದರು. ಹೆಬ್ಬೆರಳಿನಿಂದ ಒತ್ತಿದರು.

ಗೋಡೆಯಿಂದ ದನಿ ಬಂತು. "ಹಲೋ? ಏನು ಬೇಕು ಸರ್?" ಅಂತ ಇಂಗ್ಲಿಷಿನಲ್ಲಿ.

ಅವರ ಮುಖ ಅರಳಿತು. ತುಟಿ ಆಡಿತು. ಕತ್ತಿನ ನರ ಉಬ್ಬುವ ಹಾಗೆ ಏನೋ ಹೇಳಿದರು. ಸದ್ದಿಲ್ಲ.

"ಹಲೋ? ಹಲೋ?" ಟಕ್. ನಿಂತಿತು.

ಅವರು ಮತ್ತೆ ಒತ್ತಿದರು, ಇನ್ನೂ ಜೋರಾಗಿ. "ಹಲೋ? ಯಾರಾದರೂ ಇದ್ದೀರಾ? ಹಲೋ?" ಈ ಸಲ ದನಿಯಲ್ಲಿ ಸ್ವಲ್ಪ ಬೇಸರವಿತ್ತು, ಪಾಪ, ಅವಳಿಗೆ ಎಷ್ಟು ಕೆಲಸವೋ. ಇವರ ತುಟಿ ಆಡುತ್ತಲೇ ಇತ್ತು. ಟಕ್.

ಆಗ ಅವರು ನನ್ನ ಕಡೆ ನೋಡಿದರು. ಆ ಕಣ್ಣುಗಳನ್ನು ನಾನು ಸಾಯುವವರೆಗೆ ಮರೆಯಲಾರೆ. ಗುಂಡಿ ಒತ್ತಿದೆನಲ್ಲಮ್ಮ ಅಂತ ಕೇಳುತ್ತಿದ್ದವು.

ಎದ್ದು ಓಡಿದೆ. ಕಾರಿಡಾರಿನ ಕೊನೆಯ ಮೇಜಿನ ಹತ್ತಿರ ನಿಂತು "ಇಡಬೇಡಿ, ಇಡಬೇಡಿ" ಅಂತ ಕನ್ನಡದಲ್ಲೇ ಕೂಗಿದೆ. ನರ್ಸಮ್ಮ ಗಾಬರಿಯಾಗಿ ಎದ್ದಳು. ಉಸಿರು ತಂದುಕೊಂಡು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮಾತಾಡ್ತಾ ಇದ್ದಾರೆ, ದನಿಯಿಲ್ಲ ಅಷ್ಟೇ. ನೀನು ಬರೋದು ಬೇಡ, ಏನೂ ಮಾಡೋದು ಬೇಡ. ಲೈನು ಇಡಬೇಡ. ಇದ್ದೀನಿ ಅಂತ ಹೇಳ್ತಾ ಇರು. ಯಾಕೆ ಅಂತ ಆಕೆ ಕೇಳಲಿಲ್ಲ. ನನ್ನ ಮುಖ ನೋಡಿ, ತನ್ನ ಮೇಜಿನ ಸ್ವಿಚ್ಚು ಒತ್ತಿ, ಮೈಕಿನ ಹತ್ತಿರ ಬಾಗಿದಳು.

ನಾನು ವಾಪಸ್ಸು ರೂಮಿಗೆ ಬರುವಷ್ಟರಲ್ಲಿ ಗೋಡೆಯಿಂದ ಅವಳ ದನಿ ಬರುತ್ತಿತ್ತು. "ಐ ಆಮ್ ಹಿಯರ್, ಸರ್. ಗೋ ಅಹೆಡ್. ಐ ಆಮ್ ಹಿಯರ್." ಅವರ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ತುಟಿ ಆಡುತ್ತಿತ್ತು, ಬಹಳ ಹೊತ್ತು ಆಡಿತು. ಕಿವಿ ಹತ್ತಿರ ತಂದೆ. ಬರೀ ಗಾಳಿ, ಒಂದು ಅಕ್ಷರವೂ ತಿಳಿಯಲಿಲ್ಲ. ಆಮೇಲೆ ತುಟಿ ನಿಂತಿತು. ಗಾಳಿಯೂ ನಿಂತಿತು. ಬೆರಳು ಗುಂಡಿಯಿಂದ ಜಾರಿತು.

ಆ ಕಡೆ ಇದ್ದವಳಿಗೆ ಅದು ಗೊತ್ತಾಗುವ ಹಾಗಿರಲಿಲ್ಲ. ಅವಳು ಹೇಳುತ್ತಲೇ ಇದ್ದಳು, ಇದ್ದೀನಿ ಸರ್, ಹೇಳಿ, ಇದ್ದೀನಿ. ನಾನೂ ಅವಳನ್ನು ತಡೆಯಲಿಲ್ಲ.